ಹಾಜರಿ ಪುಸ್ತಕ ಯಾರ ಕೈಲಿದೆ?

ಮಾಸ್ತಿ ಬಸ್ ಸ್ಟ್ಯಾಂಡಿನ ಹತ್ರ ಬೆಳಗಿನ ಜಾವ ನಿಂತರೆ ಎರಡು ಥರದ ಜನ ಕಾಣ್ತಾರೆ. ಹಾಲಿನ ಕ್ಯಾನು ಹಿಡಿದು ಡೈರಿ ಕಡೆ ನಡೆಯೋ ಹೆಂಗಸರು. ಕೊರಳಿಗೆ ಐಡಿ ಕಾರ್ಡು ನೇತುಹಾಕ್ಕೊಂಡು ಕಂಪನಿ ಬಸ್ಸಿಗೆ ಕಾಯೋ ಹುಡುಗ ಹುಡುಗಿಯರು. ಎಷ್ಟೋ ಸಲ ಇವರಿಬ್ಬರೂ ಒಂದೇ ಮನೆಯಿಂದ ಹೊರಟ ತಾಯಿ ಮಗಳು.

ತಾಯಿ ಡೈರಿಯಲ್ಲಿ ಹಾಲು ಅಳೆಸುತ್ತಾಳೆ. ಎಷ್ಟು ಲೀಟರು, ಫ್ಯಾಟ್ ಎಷ್ಟು ಬಂತು ಅನ್ನೋದು ಅವಳ ಕಣ್ಣೆದುರೇ ಗೊತ್ತಾಗುತ್ತೆ. ಚೀಟಿಯೋ ಪಾಸ್ ಪುಸ್ತಕವೋ, ಆ ಲೆಕ್ಕದ ಒಂದು ಪ್ರತಿ ಅವಳ ಕೈಯಲ್ಲೂ ಇರುತ್ತೆ. ಬಟವಾಡೆ ದಿನ ಕೂಡಿ ನೋಡ್ತಾಳೆ. ಹೊಂದಲಿಲ್ಲ ಅಂದರೆ ಆ ಚೀಟಿ ಹಿಡ್ಕೊಂಡೇ ಸೊಸೈಟಿ ಕಾರ್ಯದರ್ಶಿ ಹತ್ರ ಹೋಗಿ ಜೋರು ಮಾಡ್ತಾಳೆ. ಮಗಳು ಫ್ಯಾಕ್ಟರಿ ಗೇಟಲ್ಲಿ ಕಾರ್ಡು ತೋರಿಸ್ತಾಳೆ, ಮೆಷಿನ್ನು 'ಬೀಪ್' ಅನ್ನುತ್ತೆ, ಒಳಗೆ ಹೋಗ್ತಾಳೆ. ಅದು ಏನು ಬರ್ಕೊಂಡಿತು ಅನ್ನೋದು ಸಂಬಳ ಬ್ಯಾಂಕಿಗೆ ಬಿದ್ದ ದಿನವೇ ಗೊತ್ತಾಗೋದು.

ಈಗ ಆಫೀಸುಗಳಲ್ಲಿ ಫ್ಲೆಕ್ಸಿಬಲ್ ಟೈಮಿಂಗ್ಸ್ ಬಗ್ಗೆ ಬಹಳ ಮಾತು. ಯಾವಾಗ ಬಂದ್ರೇನು, ಕೆಲಸ ಆದ್ರೆ ಸಾಕಲ್ವಾ ಅಂತ ಒಬ್ಬರು. ಹಾಗೆ ಬಿಟ್ಟರೆ ಯಾರೂ ಬರೋದೇ ಇಲ್ಲ ಅಂತ ಇನ್ನೊಬ್ಬರು. ನಂಬಿಕೆ ಇರಬೇಕು ಅನ್ನೋದನ್ನ ಇಬ್ಬರೂ ಹೇಳ್ತಾರೆ. ಇದು ಐಟಿ ಕಂಪನಿಗಳು ತಂದ ಮಾತು, ಇಲ್ಲಾ ಕೊರೊನಾ ತಂದ ಮಾತು ಅಂತ ನಾವು ಅಂದ್ಕೊಂಡಿದ್ದೀವಿ. ಆದರೆ ನಮ್ಮ ಕೋಲಾರ ಸೀಮೆಯಲ್ಲಿ ಈ ಜಗಳಕ್ಕೆ ನೂರು ವರ್ಷದ ಹತ್ತಿರದ ಇತಿಹಾಸ ಇದೆ. ಅದರಲ್ಲಿ ಎರಡು ಸಲ ಸಾವಿರಾರು ಜನ ಬೀದಿಗೆ ಬಂದಿದ್ದಾರೆ. ಕೆಲಸ ಹೆಚ್ಚಾಯ್ತು ಅನ್ನೋದಷ್ಟೇ ಅದರ ಕಾರಣ ಆಗಿರಲಿಲ್ಲ.

ಅದಕ್ಕೆ ಮುಂಚೆ ಮಾಸ್ತಿಯ ಮಾತೇ ಆಗಲಿ. ಊರಿನ ಹೆಸರು ಹೇಳಿದ ತಕ್ಷಣ ಕನ್ನಡದವರಿಗೆ ನೆನಪಾಗೋದು ಊರಲ್ಲ, ಮನುಷ್ಯ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಹುಟ್ಟಿದ್ದು 1891ರಲ್ಲಿ, ಇದೇ ಮಾಲೂರು ತಾಲ್ಲೂಕಿನಲ್ಲಿ. ಅವರನ್ನ ನಾವು ಸಣ್ಣ ಕತೆಗಳ ಜನಕ ಅಂತ ಓದ್ಕೊಂಡಿದ್ದೀವಿ, 'ಚಿಕವೀರ ರಾಜೇಂದ್ರ'ಕ್ಕೆ ಜ್ಞಾನಪೀಠ ಬಂತು ಅಂತ ಪರೀಕ್ಷೆಯಲ್ಲಿ ಬರೆದಿದ್ದೀವಿ. ಅವರು ಜೀವನದ ದೊಡ್ಡ ಭಾಗವನ್ನ ಸರ್ಕಾರಿ ಆಫೀಸಿನಲ್ಲಿ ಕಳೆದ ನೌಕರ ಅನ್ನೋದು ಅಷ್ಟಾಗಿ ನೆನಪಾಗಲ್ಲ. 1914ರಲ್ಲಿ ಮದರಾಸಿನಿಂದ ಇಂಗ್ಲಿಷ್ ಎಂ.ಎ. ಮುಗಿಸಿ ಮೈಸೂರು ಸಿವಿಲ್ ಸರ್ವಿಸ್ ಸೇರಿದವರು, ಬಿಟ್ಟದ್ದು 1943ರಲ್ಲಿ. 'ಕೆಲವು ಸಣ್ಣ ಕತೆಗಳು' 1920ರಲ್ಲಿ ಬಂದಾಗ ಅವರು ಸರ್ಕಾರಿ ಅಧಿಕಾರಿ. 'ಸುಬ್ಬಣ್ಣ' 1928ರಲ್ಲಿ ಬಂದಾಗಲೂ ಅಧಿಕಾರಿ. 1929ರಲ್ಲಿ ಬೆಳಗಾವಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದಾಗಲೂ ಅಧಿಕಾರಿ.

ಆ ಕಾಲದ ರೆವಿನ್ಯೂ ಅಧಿಕಾರಿಗೆ ಹತ್ತರಿಂದ ಐದು ಅನ್ನೋದು ಹೆಸರಿಗೆ ಮಾತ್ರ. ತಿಂಗಳಲ್ಲಿ ಎಷ್ಟೋ ದಿನ ಊರೂರು ಮೊಕ್ಕಾಂ. ಜಮಾಬಂದಿ, ಕೆರೆ ತನಿಖೆ, ಗಡಿ ಜಗಳ. ಮರದ ಕೆಳಗೆ, ಮುಸಾಫಿರಖಾನೆ ಜಗಲಿ ಮೇಲೆ, ಬೆಳಿಗ್ಗೆ ಏಳಕ್ಕೂ ರಾತ್ರಿ ಒಂಬತ್ತಕ್ಕೂ ಕಚೇರಿ ನಡೆಯೋದು. ಎಲ್ಲಿ ಹೋದೆ, ಏನು ನೋಡಿದೆ ಅಂತ ಅಧಿಕಾರಿ ದಿನಚರಿ ಬರೆದು ಮೇಲಿನವರಿಗೆ ಕಳಿಸೋದು ರೂಢಿ. ಆ ದಿನಚರಿ ಬರೆಯೋ ಕೈ ಅವನದೇ. ಅಂದ್ರೆ ತನ್ನ ಹಾಜರಿಯನ್ನ ತಾನೇ ಬರೆದುಕೊಳ್ಳೋ ಅಧಿಕಾರ. ಈಗ ಯಾವುದನ್ನ ಫ್ಲೆಕ್ಸಿಬಲ್ ಅಂತ ಕರೀತೀವೋ ಅದು ನಮ್ಮ ದೇಶದ ಅಧಿಕಾರಿಗಳಿಗೆ ಯಾವತ್ತಿನಿಂದಲೂ ಇತ್ತು. ಅದೇ ಕಚೇರಿಯಲ್ಲಿ ಮೊಕ್ಕಾಂ ಪೆಟ್ಟಿಗೆ ಹೊರುತ್ತಿದ್ದ ಜವಾನನಿಗೆ ಮಾತ್ರ ಇರಲಿಲ್ಲ. ನಂಬಿಕೆ ಅನ್ನೋದು ಸಂಬಳದ ಶ್ರೇಣಿ ಜೊತೆ ಏರುತ್ತೆ. ಇದನ್ನ ನಾನು ವ್ಯಂಗ್ಯಕ್ಕೆ ಹೇಳ್ತಿಲ್ಲ, ಇವತ್ತೂ ಯಾವ ಆಫೀಸಿಗೆ ಹೋದರೂ ನೋಡಬಹುದು: ಮ್ಯಾನೇಜರ್ 'ಹೊರಗೆ ಮೀಟಿಂಗ್', ಗುಮಾಸ್ತ 'ಸೀಟಲ್ಲಿಲ್ಲ'.

ಮಾಸ್ತಿಯವರು ಕೆಲಸ ಬಿಟ್ಟ ಕತೆ ಬಹಳ ಜನಕ್ಕೆ ಗೊತ್ತು. ಮಂತ್ರಿ ದರ್ಜೆಗೆ ಸಮನಾದ ಹುದ್ದೆ ಅವರಿಗೆ ಬರಬೇಕಿತ್ತು, ಅವರಿಗಿಂತ ಕಿರಿಯರಾದ ಸಹೋದ್ಯೋಗಿಗೆ ಹೋಯಿತು, ಇವರು ರಾಜೀನಾಮೆ ಕೊಟ್ಟರು. ಮುಂದಿನ ವರ್ಷ 'ಜೀವನ' ಪತ್ರಿಕೆಯ ಸಂಪಾದಕರಾದರು, 1965ರವರೆಗೆ ನಡೆಸಿದರು. ಈ ಪ್ರಸಂಗವನ್ನ ಸ್ವಾಭಿಮಾನದ ಕತೆ ಅಂತಲೇ ಹೇಳೋದು ವಾಡಿಕೆ. ಅದು ಸರಿ. ಆದರೆ ಅದು ಲೆಕ್ಕದ ಕತೆಯೂ ಹೌದು. ಜ್ಯೇಷ್ಠತೆ ಅಂದರೆ ನೌಕರ ಕೊಟ್ಟ ವರ್ಷಗಳ ಲೆಕ್ಕ. ಯಾರು ಯಾವಾಗ ಸೇರಿದರು, ಯಾರ ಕೆಳಗೆ ಯಾರು ಅನ್ನೋದು ಕಚೇರಿಯಲ್ಲಿ ಎಲ್ಲರಿಗೂ ಕಾಣುವ ಪಟ್ಟಿ. ಲೆಕ್ಕ ಕಣ್ಣೆದುರಿಗೇ ಇತ್ತು, ತಪ್ಪಿದ್ದೂ ಕಣ್ಣೆದುರಿಗೇ ಕಂಡಿತು. ಅವರು ಅದನ್ನ ತೋರಿಸಿ ಎದ್ದು ಬರಬಹುದಾಗಿತ್ತು, ಬಂದರು. ಕೈಯಲ್ಲಿ ಪೆನ್ನಿತ್ತು, ಬೆನ್ನಿಗೆ ಹೆಸರಿತ್ತು. ಅದೇ ಜಿಲ್ಲೆಯಲ್ಲಿ, ಸುಮಾರು ಅದೇ ಕಾಲದಲ್ಲಿ, ಇವು ಯಾವುವೂ ಇಲ್ಲದ ಜನ ಏನು ಮಾಡಿದರು ಅನ್ನೋದು ಮುಂದಿನ ಕತೆ.

ಮಾಸ್ತಿಯಿಂದ ಬಂಗಾರಪೇಟೆಗೆ ಹೋಗಿ ಅಲ್ಲಿಂದ ಸ್ವಲ್ಪ ಮುಂದೆ ಹೋದರೆ ಕೆಜಿಎಫ್. ಜಾನ್ ಟೇಲರ್ ಕಂಪನಿ 1880ರಿಂದ ಅಗೆಯೋಕೆ ಶುರು ಮಾಡಿತು, 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂತು, ಗಣಿ ಮೂರು ಕಿಲೋಮೀಟರಿಗಿಂತ ಆಳ ಹೋಯಿತು. ಇದೆಲ್ಲ ಸಿನಿಮಾ ಬಂದ ಮೇಲೆ ಎಲ್ಲರಿಗೂ ಬಾಯಿಪಾಠ. ಕೆಳಗೆ ಇಳಿಯುತ್ತಿದ್ದವರು ಹೆಚ್ಚಿನವರು ಉತ್ತರ ಆರ್ಕಾಟು, ಚಿತ್ತೂರು ಕಡೆಯಿಂದ ಬಂದ ದಲಿತರು. ಬಹಳ ಕಾಲ ಅವರನ್ನ ಕರೆತಂದವರು, ಅವರ ಹಾಜರಿ ಹಿಡಿದವರು, ಕೂಲಿ ಕೊಟ್ಟವರು ಕಂಟ್ರಾಕ್ಟರುಗಳು. ಕಂಪನಿಗೆ ಎಷ್ಟೋ ಜನರ ಹೆಸರೂ ಸರಿಯಾಗಿ ಗೊತ್ತಿರಲಿಲ್ಲ, ಅದು ಬೇಕಾಗಿಯೂ ಇರಲಿಲ್ಲ.

ಕಂಪನಿಗೆ ಇದ್ದ ದೊಡ್ಡ ಭಯ ಚಿನ್ನದ ಕಳವು. ಅದಕ್ಕೆ 1897ರಲ್ಲೇ ಮೈಸೂರು ಸಂಸ್ಥಾನದ ಗಣಿ ಕಾಯ್ದೆ ಬಂತು. ಗಣಿಯಿಂದ ಮೇಲೆ ಬಂದವರ ಮೈ ತಡವಿ ನೋಡೋದು ದಿನನಿತ್ಯದ ಮಾತಾಯಿತು. ಶಿಫ್ಟು ಮುಗಿಸಿ ಸುಸ್ತಾಗಿ ಬಂದವನು ಮೊದಲು ಕಳ್ಳನಲ್ಲ ಅಂತ ತೋರಿಸಬೇಕು, ಆಮೇಲೆ ಮನೆಗೆ. ಇಂಥಾ ಜಾಗದಲ್ಲಿ ನಂಬಿಕೆ ಅನ್ನೋ ಪದಕ್ಕೆ ಏನು ಅರ್ಥ ಇತ್ತೋ ನೀವೇ ಊಹಿಸ್ಕೊಳ್ಳಿ.

1930ರಲ್ಲಿ ಗಣಿ ಆಡಳಿತ ಹೊಸ ಏರ್ಪಾಡು ಮಾಡಹೊರಟಿತು. ಕೆಲಸಗಾರರೆಲ್ಲರ ನೋಂದಣಿ ಆಗಬೇಕು, ನೋಂದಣಿಗೆ ಬೆರಳಚ್ಚು ಕೊಡಬೇಕು. ಮೇಲ್ನೋಟಕ್ಕೆ ಇದರಲ್ಲಿ ಏನು ತಪ್ಪು? ಹೆಸರು ದಾಖಲಾದರೆ ಕೂಲಿಕಾರನಿಗೂ ಒಳ್ಳೇದೇ ತಾನೇ? ಆದರೆ ಜನ ಅದನ್ನ ಹಾಗೆ ನೋಡಲಿಲ್ಲ. ಕೆಲಸ ನಿಲ್ಲಿಸಿದರು. ಸುಮಾರು ಮೂರು ವಾರ ಗಣಿಗಳು ಸ್ತಬ್ಧ. ದೇಶವೆಲ್ಲ ಉಪ್ಪಿನ ಸತ್ಯಾಗ್ರಹದ ಸುದ್ದಿಯಲ್ಲಿದ್ದ ವರ್ಷ ಅದು. ಕೆಜಿಎಫ್‌ನಲ್ಲಿ ನಡೆದದ್ದು ಹೊರಗಿನವರ ನೆನಪಿನಲ್ಲಿ ಅಷ್ಟಾಗಿ ಉಳಿಯಲಿಲ್ಲ. ಇತಿಹಾಸಕಾರ್ತಿ ಜಾನಕಿ ನಾಯರ್ ಮೈಸೂರು ಸಂಸ್ಥಾನದ ಕಾರ್ಮಿಕರ ಬಗ್ಗೆ ಬರೆಯದೇ ಇದ್ದಿದ್ದರೆ ನಮ್ಮಂಥವರಿಗೆ ಗೊತ್ತಾಗೋದು ಇನ್ನೂ ಕಷ್ಟವಿತ್ತು.

ಬೆರಳಚ್ಚಿಗೆ ಯಾಕೆ ಅಷ್ಟು ಸಿಟ್ಟು? ಆ ಕಾಲದಲ್ಲಿ ಬೆರಳಚ್ಚು ಅಂದರೆ ಪೊಲೀಸು. ಜಗತ್ತಿನ ಮೊದಲ ಬೆರಳಚ್ಚು ಬ್ಯೂರೋ ಶುರುವಾದದ್ದು ನಮ್ಮ ಕಲ್ಕತ್ತದಲ್ಲಿ, 1897ರಲ್ಲಿ. ಉದ್ದೇಶ ಅಪರಾಧಿಗಳ ಗುರುತು. ದಕ್ಷಿಣ ಆಫ್ರಿಕಾದ ಟ್ರಾನ್ಸ್‌ವಾಲಿನಲ್ಲಿ ಭಾರತೀಯರೆಲ್ಲ ಬೆರಳಚ್ಚು ಕೊಟ್ಟು ನೋಂದಣಿ ಆಗಬೇಕು ಅಂತ 1906ರಲ್ಲಿ ಹೊರಟಾಗ ಗಾಂಧಿ ಅದರ ವಿರುದ್ಧ ಕಟ್ಟಿದ ಹೋರಾಟವೇ ಸತ್ಯಾಗ್ರಹದ ಮೊದಲ ಅಧ್ಯಾಯ. ಅಲ್ಲಿ ಜೈಲಿಗೆ ಹೋದವರಲ್ಲಿ ತಮಿಳರೇ ಬಹಳ ಮಂದಿ. ಕೆಜಿಎಫ್‌ನಲ್ಲಿ ಬೆರಳಚ್ಚು ಕೇಳಿದಾಗಲೂ ಜನಕ್ಕೆ ಕಂಡದ್ದು ಎರಡು. ಒಂದು, ನಮ್ಮನ್ನ ಹುಟ್ಟಾ ಕಳ್ಳರ ಸಾಲಿಗೆ ಸೇರಿಸ್ತಿದ್ದಾರೆ. ಎರಡು, ಒಂದು ಗಣಿಯಲ್ಲಿ ಮೇಸ್ತ್ರಿಗೆ ಎದುರು ಮಾತಾಡಿ ಹೊರಬಿದ್ದವನು ಇನ್ನೊಂದು ಗಣಿಗೆ ಹೋಗಿ ಬೇರೆ ಹೆಸರು ಹೇಳಿ ಸೇರ್ಕೊಳ್ಳೋದು ಇನ್ನು ಆಗಲ್ಲ.

ಈ ಎರಡನೇದು ನನಗೆ ಬಹಳ ಮುಖ್ಯ ಅನ್ನಿಸುತ್ತೆ. ಹೆಸರು ಬದಲಾಯಿಸೋದು ಕಂಪನಿಯ ಕಣ್ಣಲ್ಲಿ ಮೋಸ. ಕೂಲಿಕಾರನ ಕಣ್ಣಲ್ಲಿ ಅದು ಅವನಿಗಿದ್ದ ಒಂದೇ ಒಂದು ಸಡಿಲ. ಊರಲ್ಲಿ ಹಬ್ಬ, ಬಿತ್ತನೆ, ಸಾವು ಅಂತ ಎದ್ದು ಹೋಗಿ ತಿಂಗಳು ಬಿಟ್ಟು ಬಂದವನಿಗೆ ಮತ್ತೆ ಕೆಲಸ ಸಿಗಬೇಕಾದರೆ ಆ ಸಡಿಲ ಇರಬೇಕಿತ್ತು. ಅಧಿಕಾರಿಗೆ ದಿನಚರಿ ಇದ್ದ ಹಾಗೆ ಇವನಿಗೆ ಎರಡನೇ ಹೆಸರು! ಇಬ್ಬರೂ ತಮ್ಮ ಹೊತ್ತನ್ನ ಸ್ವಲ್ಪ ತಮ್ಮ ಕೈಲಿ ಇಟ್ಟುಕೊಂಡಿದ್ದರು. ಒಬ್ಬನದು ನಿಯಮ, ಇನ್ನೊಬ್ಬನದು ಅಪರಾಧ.

ಇಲ್ಲಿ ಜರ್ಮನಿಗೆ ಒಂದು ಸಣ್ಣ ಸುತ್ತು ಹೋಗಿ ಬರೋಣ. ಫ್ಲೆಕ್ಸಿಬಲ್ ಟೈಮಿಂಗ್ಸ್ ಅನ್ನೋದು ಈಗಿನ ರೂಪದಲ್ಲಿ ದೊಡ್ಡ ಕಂಪನಿಗೆ ಬಂದದ್ದು 1967ರಲ್ಲಿ, ಮ್ಯೂನಿಕ್ ಪಕ್ಕದ ಒಟ್ಟೋಬ್ರುನ್‌ನಲ್ಲಿ, ವಿಮಾನ ತಯಾರಿಸೋ ಕಂಪನಿಯೊಂದರಲ್ಲಿ. ಕ್ರಿಸ್ಟೆಲ್ ಕ್ಯಾಮರರ್ ಅನ್ನೋ ಅರ್ಥಶಾಸ್ತ್ರಜ್ಞೆ ಅದಕ್ಕೂ ಮುಂಚೆಯೇ ಇದರ ಪರವಾಗಿ ವಾದಿಸಿದ್ದರು, ಮನೆ ನೋಡ್ಕೊಳ್ಳೋ ಹೆಂಗಸರೂ ಕೆಲಸಕ್ಕೆ ಬರಬಹುದು ಅಂತ. ಕಂಪನಿ ಒಪ್ಪಿದ್ದು ಮಾತ್ರ ಬೇರೆ ಕಾರಣಕ್ಕೆ. ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಬಂದು ಗೇಟಿನಲ್ಲಿ ಟ್ರಾಫಿಕ್ ಜಾಮ್ ಆಗ್ತಿತ್ತು! ನಂಬಿಕೆ ಅಂತ ಶುರುವಾದದ್ದಲ್ಲ ಅದು. ಆಮೇಲೆ ನೌಕರರು ಎಷ್ಟು ಗಂಟೆ ಮಾಡಿದರು ಅಂತ ಕೂಡಿಡುವ ಮೀಟರುಗಳೂ ಬಂದವು, ಆ ಲೆಕ್ಕ ನೌಕರನಿಗೂ ಕಾಣುತ್ತಿತ್ತು. ಅಂದರೆ ಗಡಿಯಾರ ಹೋಗಲಿಲ್ಲ, ಅದರ ಮುಖ ಸ್ವಲ್ಪ ಈ ಕಡೆ ತಿರುಗಿತು. ಡೈರಿಯ ಚೀಟಿ ಹಾಗೆ ಅಂತಿಟ್ಕೊಳ್ಳಿ.

ಮತ್ತೆ ಕೋಲಾರಕ್ಕೆ ಬರೋಣ. 1930ರಿಂದ ತೊಂಬತ್ತು ವರ್ಷ ದಾಟಿ, 2020ರ ಡಿಸೆಂಬರ್ 12, ಶನಿವಾರ. ನರಸಾಪುರ ಕೈಗಾರಿಕಾ ಪ್ರದೇಶದ ವಿಸ್ಟ್ರಾನ್ ಕಾರ್ಖಾನೆ, ಐಫೋನ್ ಜೋಡಿಸೋ ಜಾಗ. ರಾತ್ರಿ ಪಾಳಿ ಮುಗಿಯೋ ಹೊತ್ತಿಗೆ ಗಾಜು ಒಡೆಯೋದು, ಗಾಡಿಗಳಿಗೆ ಬೆಂಕಿ. ಟಿವಿಯಲ್ಲಿ ನೀವೆಲ್ಲ ನೋಡಿದ್ದೀರಿ. ಕಂಪನಿ ಮೊದಲು ಪೊಲೀಸರಿಗೆ ಕೊಟ್ಟ ದೂರಿನಲ್ಲಿ ನಷ್ಟ 437 ಕೋಟಿ ಅಂತ ಇತ್ತು, ಆಮೇಲೆ ತಾನೇ ಹೇಳಿದ ಅಂದಾಜು ಅದರ ಹತ್ತಿರಕ್ಕೂ ಬರಲಿಲ್ಲ. ನೂರಕ್ಕೂ ಹೆಚ್ಚು ಹುಡುಗರು ಅರೆಸ್ಟ್ ಆದರು. ಓದಿದ ಹುಡುಗರು ಹೀಗೆ ಮಾಡಬಹುದಾ, ಇನ್ನು ನಮ್ಮ ರಾಜ್ಯಕ್ಕೆ ಯಾರು ಬರ್ತಾರೆ ಅಂತ ಎರಡು ದಿನ ಎಲ್ಲರೂ ತಲೆ ಚಚ್ಚಿಕೊಂಡಾಯಿತು.

ಆಮೇಲೆ ಕಾರ್ಖಾನೆಗಳ ಇಲಾಖೆಯವರು ಹೋಗಿ ನೋಡಿ ಬರೆದದ್ದು ಬೇರೆ ಕತೆ. ಕೆಲವೇ ತಿಂಗಳಲ್ಲಿ ಕೆಲಸಗಾರರ ಸಂಖ್ಯೆ ಐದು ಸಾವಿರದಿಂದ ಹತ್ತು ಸಾವಿರ ದಾಟಿತ್ತು. ಅಷ್ಟು ಜನರ ಲೆಕ್ಕ ನೋಡೋಕೆ ಬೇಕಾದ ಎಚ್‌ಆರ್ ವಿಭಾಗವೇ ಸರಿಯಾಗಿರಲಿಲ್ಲ. ಎಂಟು ಗಂಟೆಯ ಪಾಳಿ ಹನ್ನೆರಡು ಗಂಟೆಯದಾಗಿತ್ತು. ಹಾಜರಿ ಹಿಡಿಯುವ ವ್ಯವಸ್ಥೆ ಅಕ್ಟೋಬರಿನಿಂದ ಕೆಟ್ಟಿತ್ತು, ಎರಡು ತಿಂಗಳಾದರೂ ಸರಿಹೋಗಿರಲಿಲ್ಲ. ಹುಡುಗರಲ್ಲಿ ಬಹಳ ಮಂದಿ ಕಂಪನಿಯವರಲ್ಲ, ಆರು ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು. 21,000 ಅಂತ ಹೇಳಿ ಕರೆಸಿದ ಎಂಜಿನಿಯರಿಂಗ್ ಹುಡುಗರಿಗೆ 16,000, ಆಮೇಲೆ 12,000 ಬಂತು ಅಂತ ಆಗ ವರದಿಯಾಯಿತು. ಒಂದು ವಾರದಲ್ಲಿ ಆಪಲ್ ಕಂಪನಿಯೇ ವಿಸ್ಟ್ರಾನನ್ನ ಪ್ರೊಬೇಷನ್ ಮೇಲೆ ಇಟ್ಟಿತು. ಕೆಲಸದ ಗಂಟೆಗಳನ್ನ ಸರಿಯಾಗಿ ನಿಭಾಯಿಸಲಿಲ್ಲ, ಅದರಿಂದ ಅಕ್ಟೋಬರ್ ನವೆಂಬರ್ ಸಂಬಳ ತಡವಾಯಿತು ಅಂತ ಅದರ ಮಾತು. ವಿಸ್ಟ್ರಾನ್ ಕ್ಷಮೆ ಕೇಳಿ ಭಾರತದ ವಹಿವಾಟು ನೋಡ್ತಿದ್ದ ಉಪಾಧ್ಯಕ್ಷರನ್ನ ತೆಗೆಯಿತು. ಈಗ ಆ ಕಾರ್ಖಾನೆ ಟಾಟಾದವರ ಕೈಲಿದೆ.

ಕಲ್ಲು ಹೊಡೆದದ್ದು ಸರಿ ಅಂತ ನಾನು ಹೇಳ್ತಿಲ್ಲ. ಹೊಡೆಯದೇ ಸುಮ್ಮನೆ ಮನೆಗೆ ಹೋದ ಸಾವಿರಾರು ಮಕ್ಕಳೂ ಕಾರ್ಖಾನೆ ಮುಚ್ಚಿದ್ದಷ್ಟು ದಿನ ಕೆಲಸ ಇಲ್ಲದೆ ಕೂತರು. ಆದರೆ ಆ ಎರಡು ತಿಂಗಳನ್ನ ಒಬ್ಬ ಹುಡುಗನ ಕಡೆಯಿಂದ ನೋಡಿ. ಅವನು ಹನ್ನೆರಡು ಗಂಟೆ ನಿಂತು ಕೆಲಸ ಮಾಡಿದ್ದಾನೆ. ಬಸ್ಸಿನ ಹೊತ್ತೂ ಸೇರಿದರೆ ಹದಿನೈದು. ಮೆಷಿನ್ನು ಬರೆದುಕೊಂಡದ್ದು ಬೇರೆ. ಏಜೆನ್ಸಿಯವರನ್ನ ಕೇಳಿದರೆ ಕಂಪನಿ ಹೇಳಿದಷ್ಟು ಕೊಟ್ಟಿದ್ದೀವಿ ಅಂತಾರೆ, ಕಂಪನಿಯಲ್ಲಿ ಕೇಳಿದರೆ ಏಜೆನ್ಸಿಯನ್ನ ಕೇಳು ಅಂತಾರೆ. ಇವನ ಹತ್ರ ತೋರಿಸೋಕೆ ಏನಿದೆ? ಅವರಮ್ಮನ ಹತ್ರ ಇರುವಂಥ ಒಂದು ಚೀಟಿಯೂ ಇಲ್ಲ. ಮಾಲೂರಿನ ಇಟ್ಟಿಗೆ ಗೂಡಿನಲ್ಲಿ ಸಾವಿರಕ್ಕೆ ಇಷ್ಟು ಅಂತ ಕೂಲಿ ಮಾಡೋನು ಕೂಡ ತನ್ನ ಸಾಲುಗಳನ್ನ ತಾನೇ ಎಣಿಸ್ಕೊಳ್ಳಬಹುದು. ಐಫೋನ್ ಜೋಡಿಸೋನಿಗೆ ಅದೂ ಇಲ್ಲ.

ಕೆಜಿಎಫ್ ಜನ ಬೆರಳಚ್ಚು ಬೇಡ ಅಂದರು, ನರಸಾಪುರದ ಹುಡುಗರು ಮೆಷಿನ್ನು ಸರಿಯಾಗಿ ಬರ್ಕೊಳ್ಳಲಿ ಅಂದರು. ಒಬ್ಬರಿಗೆ ದಾಖಲೆ ಹೆಚ್ಚಾಯ್ತು, ಇನ್ನೊಬ್ಬರಿಗೆ ಸಾಲಲಿಲ್ಲ. ಹೀಗೆ ನೋಡಿದರೆ ಒಂದಕ್ಕೊಂದು ವಿರುದ್ಧ. ಆದರೆ ಎರಡು ಕಡೆಯೂ ನಡುವೆ ಕಂಟ್ರಾಕ್ಟರಿದ್ದ, ಎರಡು ಕಡೆಯೂ ಪುಸ್ತಕ ಅವರ ಕೈಲಿತ್ತು, ಎರಡು ಕಡೆಯೂ ಪ್ರಶ್ನೆ ಕೇಳೋಕೆ ಒಂದು ಕಿಟಕಿ ಇರಲಿಲ್ಲ. ಆಡಳಿತಕ್ಕೆ ಕೆಲಸಗಾರನ ಮೇಲೆ ನಂಬಿಕೆ ಇದೆಯಾ ಅಂತಲೇ ನಾವು ಯಾವಾಗಲೂ ಕೇಳೋದು. ಕೆಲಸಗಾರನಿಗೆ ಆ ಪುಸ್ತಕದ ಮೇಲೆ ನಂಬಿಕೆ ಇದೆಯಾ ಅಂತ ಯಾರೂ ಕೇಳಲ್ಲ.

ವಿಸ್ಟ್ರಾನ್ ಗಲಾಟೆಗೆ ಮುಂಚೆ, 2020ರ ಮೇ ತಿಂಗಳಲ್ಲೇ ರಾಜ್ಯ ಸರ್ಕಾರ ಕೊರೊನಾ ಹೆಸರಲ್ಲಿ ದಿನಕ್ಕೆ ಹತ್ತು ಗಂಟೆ ದುಡಿಸಬಹುದು ಅಂತ ಆದೇಶ ಹೊರಡಿಸಿ, ಮಾತು ಹೈಕೋರ್ಟಿಗೆ ಹೋದಾಗ ಜೂನ್‌ನಲ್ಲಿ ವಾಪಸ್ ತಗೊಂಡಿತ್ತು. 2023ರಲ್ಲಿ ಕಾಯ್ದೆಗೇ ತಿದ್ದುಪಡಿ ಆಯಿತು: ವಾರಕ್ಕೆ 48 ಗಂಟೆ ಮೀರದ ಹಾಗೆ ದಿನಕ್ಕೆ ಹನ್ನೆರಡು ಗಂಟೆವರೆಗೂ ಪಾಳಿ ಇರಬಹುದು. ಇದನ್ನೂ ಫ್ಲೆಕ್ಸಿಬಿಲಿಟಿ ಅಂತಲೇ ಕರೆದರು. ನಾಲ್ಕು ದಿನ ದುಡಿದು ಮೂರು ದಿನ ಮನೇಲಿರಿ ಅಂತ. ಯಾರು ಬಗ್ಗಬೇಕು, ಯಾರಿಗೆ ತಕ್ಕ ಹಾಗೆ ಅನ್ನೋದು ಆ ಪದದೊಳಗೇ ಮುಚ್ಚಿಹೋಗುತ್ತೆ. ಉದ್ಯೋಗ ಖಾತ್ರಿಯಲ್ಲಿ ಕೆರೆ ಹೂಳೆತ್ತೋ ಹೆಂಗಸರಿಗೂ 2023ರ ಜನವರಿಯಿಂದ ಮೊಬೈಲ್ ಆ್ಯಪ್ ಹಾಜರಿ ಕಡ್ಡಾಯ ಆಯಿತು, ದಿನಕ್ಕೆ ಎರಡು ಫೋಟೋ. ಬೇಗ ಅಳತೆ ಮುಗಿಸಿದವರೂ ಎರಡನೇ ಫೋಟೋಕ್ಕೆ ಕಾಯಬೇಕು. ಅಳತೆಗೆ ಕೂಲಿ ಅನ್ನೋ ಕೆಲಸದಲ್ಲಿದ್ದ ಚೂರು ಸ್ವಾತಂತ್ರ್ಯ ಹೋಯಿತು, ಕಳ್ಳ ಹಾಜರಿ ಹೋಗಲಿಲ್ಲ. ಫೋಟೋದ ಫೋಟೋ ತೆಗೆದು ಹಾಕೋದನ್ನ ಜನ ಕಲಿತರು.

ಇಷ್ಟು ಹೇಳಿ ನನ್ನ ಕತೆ ಹೇಳದಿದ್ದರೆ ತಪ್ಪಾಗುತ್ತೆ. ಬೆಂಗಳೂರಿನ ಒಂದು ಕಚೇರಿಯಲ್ಲಿ ಕೆಲವು ವರ್ಷ ಹಾಜರಿ ಪುಸ್ತಕ ನನ್ನ ಮೇಜಿನ ಮೇಲೆ ಇತ್ತು. ಹತ್ತು ಗಂಟೆ ಹತ್ತು ನಿಮಿಷಕ್ಕೆ ಅದನ್ನ ಒಳಗೆ ಎಳ್ಕೊಂಡು, ಸಹಿ ಇಲ್ಲದ ಖಾನೆಗಳಲ್ಲಿ ಕೆಂಪು ಇಂಕಿನಲ್ಲಿ ಗುರುತು ಹಾಕೋದು ನನ್ನ ಕೆಲಸ. ಮೂರು ಕೆಂಪು ಗುರುತಾದರೆ ಒಂದು ಸಿ.ಎಲ್. ಹೋಯಿತು. ನಾನೂ ಮಾಲೂರಿನಿಂದ ರೈಲಲ್ಲಿ ಓಡಾಡ್ತಿದ್ದೋನೇ. ಆದರೆ ಪುಸ್ತಕ ಕೈಗೆ ಬಂದ ಮೇಲೆ ಅದರ ರುಚಿಯೇ ಬೇರೆ. ಆಮೇಲಾಮೇಲೆ ಬೆಂಗಳೂರಲ್ಲೇ ಮನೆ ಮಾಡ್ಕೊಂಡೆ, ಇನ್ನೂ ರುಚಿ ಹತ್ತಿತು.

ನಮ್ಮಲ್ಲಿ ಕೆಜಿಎಫ್‌ನಿಂದ ಬರ್ತಿದ್ದ ಒಬ್ಬರು ಎಫ್‌ಡಿಎ ಇದ್ದರು. ವಯಸ್ಸಲ್ಲಿ ನನಗಿಂತ ಹಿರಿಯರು. ಅವರ ಅಣ್ಣ ಗಣಿಯಲ್ಲಿದ್ದೋರು, 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ಮೇಲೆ ಅವರೂ ಇದೇ ರೈಲಿನಲ್ಲಿ ಬೆಂಗಳೂರಿಗೆ ಸೆಕ್ಯುರಿಟಿ ಕೆಲಸಕ್ಕೆ ಬರ್ತಿದ್ದರು. ಆ ಊರಿನಿಂದ ಹೀಗೆ ದಿನಾ ಕತ್ತಲಲ್ಲಿ ಹೊರಟು ಕತ್ತಲಲ್ಲಿ ಮನೆ ಸೇರೋರು ಸಾವಿರಾರು ಜನ. ಎಕ್ಸ್‌ಪ್ರೆಸ್ ಬಂದರೆ ಪ್ಯಾಸೆಂಜರ್ ರೈಲನ್ನ ವೈಟ್‌ಫೀಲ್ಡ್ ಹತ್ರ ನಿಲ್ಲಿಸಿಬಿಡೋರು. ಅದು ನನಗೂ ಗೊತ್ತು. ಗೊತ್ತಿದ್ದೂ ಹತ್ತೂ ಹದಿನೈದಕ್ಕೆ ಅವರು ಬೆವರು ಒರೆಸ್ಕೊಂಡು ಬಂದು ಮೇಜಿನ ಮುಂದೆ ನಿಂತಾಗ, "ಏನ್ ಸಾರ್, ಇವತ್ತೂ ರೈಲೇನಾ?" ಅಂತ ನಾಲ್ಕು ಜನರ ಮುಂದೆ ಕೇಳಿದ್ದೀನಿ. ಅವರು ನಕ್ಕು ಸೀಟಿಗೆ ಹೋಗೋರು.

ಬೇರೆಯವರು ಬೇರೆ ದಾರಿ ಹುಡುಕ್ಕೊಂಡಿದ್ದರು. ಒಬ್ಬರ ಸಹಿ ಇನ್ನೊಬ್ಬರು ಹಾಕೋರು. ಕುರ್ಚಿಗೆ ಸ್ವೆಟರ್ ನೇತುಹಾಕಿ, ಇಲ್ಲೇ ಕ್ಯಾಂಟೀನಿಗೆ ಹೋಗಿದ್ದಾರೆ ಸಾರ್ ಅನ್ನೋರು. ಚಲನವಲನ ರಿಜಿಸ್ಟರಿನಲ್ಲಿ ಖಜಾನೆಗೆ ಅಂತ ಬರೆದು ಮಗುವನ್ನ ಸ್ಕೂಲಿಂದ ಕರ್ಕೊಂಡು ಬರೋರು. ಇದನ್ನ ಕಳ್ಳತನ ಅಂತ ಕರೆಯೋಕೆ ಈಗ ನನಗೆ ಬಾಯಿ ಬರಲ್ಲ. ಒಂದು ಆಫೀಸಿನಲ್ಲಿ ನೌಕರರು ಒಬ್ಬರಿಗೊಬ್ಬರು ಕೊಟ್ಕೊಂಡಿದ್ದ ಫ್ಲೆಕ್ಸಿಬಲ್ ಟೈಮಿಂಗ್ಸ್ ಅದು, ನಂಬಿಕೆ ಮೇಲೆಯೇ ನಡೀತಿತ್ತು. ಒಬ್ಬಳು ಇವತ್ತು ಅರ್ಧ ಗಂಟೆ ಮುಚ್ಚಿಟ್ಟರೆ ಇನ್ನೊಬ್ಬಳು ನಾಳೆ ಅವಳ ಟಪಾಲು ಮುಗಿಸಿಕೊಡೋಳು. ಮೇಲಿನವರಿಗೆ ಮಾತ್ರ ಅದು ಕಾಣಬಾರದಿತ್ತು. ಆ ಸಾಲದ ಲೆಕ್ಕದಲ್ಲಿ ಕೆಜಿಎಫ್ ಸಾರ್ ಇರಲಿಲ್ಲ. ಯಾರ ಕೈಲೂ ಸಹಿ ಹಾಕಿಸ್ತಿರಲಿಲ್ಲ, ಅದಕ್ಕೇ ಕೆಂಪು ಗುರುತೆಲ್ಲ ಅವರ ಹೆಸರ ಮುಂದೆಯೇ. ಒಂದು ವರ್ಷ ಅವರ ಸಿ.ಎಲ್. ಪೂರ್ತಿ ಹಾಗೇ ಖರ್ಚಾಗಿ, ಅಣ್ಣನ ತಿಥಿಗೆ ರಜೆ ಇಲ್ಲದೆ ಸಂಬಳ ಕಡಿತದ ಮೇಲೆ ಹೋದರು. ಆ ಅರ್ಜಿಗೆ ಷರಾ ಬರೆದವನೂ ನಾನೇ.

ಅವರು ನಿವೃತ್ತರಾದ ದಿನ ಹಾರ, ಫಲತಾಂಬೂಲ ಎಲ್ಲ ಆದ ಮೇಲೆ ಡ್ರಾಯರ್ ಖಾಲಿ ಮಾಡ್ತಿದ್ದರು. ಅದರಲ್ಲಿ ಅಂಗಡಿಯವರು ಹೊಸ ವರ್ಷಕ್ಕೆ ಕೊಡೋ ಥರದ ಸಣ್ಣ ಜೇಬು ಡೈರಿಗಳು ಒಂದಷ್ಟು ಇದ್ದವು. ಏನಿದು ಸಾರ್ ಅಂತ ಒಂದನ್ನ ತೆರೆದೆ. ಪ್ರತಿ ದಿನಕ್ಕೂ ಎರಡು ಸಾಲು. ಮೇಲಿನದು ರೈಲು ಕಂಟೋನ್ಮೆಂಟಿಗೆ ಬಂದ ಹೊತ್ತು, ಅವರು ಕಚೇರಿ ಮುಟ್ಟಿದ ಹೊತ್ತು. ಕೆಳಗಿನದು ಸಂಜೆ ಎದ್ದ ಹೊತ್ತು. ಐದೂವರೆಗೆ ಕಚೇರಿ ಮುಗೀತಿತ್ತು. ಅವರ ವಾಪಸ್ ರೈಲು ಆರೂವರೆ ಮೇಲೆ, ಅಲ್ಲಿವರೆಗೂ ಸೀಟಲ್ಲೇ ಕೂತು ಫೈಲು ನೋಡೋರು. ತಿಂಗಳ ಕೊನೆಯ ಪುಟದಲ್ಲಿ ಎರಡನ್ನೂ ಕೂಡಿ ಕಳೆದು ಬರೆದಿದ್ದರು. ನಾನು ತೆರೆದ ಎಲ್ಲ ತಿಂಗಳಲ್ಲೂ ಕಚೇರಿಯೇ ಅವರಿಗೆ ಬಾಕಿ.

"ಇದನ್ನ ಯಾಕೆ ಸಾರ್ ತೋರಿಸ್ಲಿಲ್ಲ ನೀವು?" ಅಂದೆ.

"ನೀವು ನಿಮ್ಮ ಪುಸ್ತಕ ತೋರಿಸಿದ್ರಾ?" ಅಂತ ನಗುತ್ತಲೇ ಹೇಳಿ, ಡೈರಿ ವಾಪಸ್ ಇಸ್ಕೊಂಡು ಬ್ಯಾಗಿಗೆ ಹಾಕ್ಕೊಂಡರು. ಆರೂವರೆ ರೈಲಿಗೆ ಹೊತ್ತಾಗಿತ್ತು.